ಕಮಲಾ ಹ್ಯಾರಿಸ್ ಅಟಾರ್ನಿ ಜನರಲ್ ಆಗಿದ್ದು ಓಟಿಂದಾನೇ
"ಕಮಲಾ ಹ್ಯಾರಿಸ್‌ನ ಕ್ಯಾಲಿಫೋರ್ನಿಯಾ ಅಟಾರ್ನಿ ಜನರಲ್ ಮಾಡಿದ್ದು ಗವರ್ನರ್, ಜನ ಓಟೇ ಹಾಕಿಲ್ಲ" ಅಂತ ಓಡಾಡ್ತಿರೋ ಮೆಸೇಜ್ ತಪ್ಪು. ನಮ್ಮಲ್ಲಿ ಅಡ್ವೊಕೇಟ್ ಜನರಲ್‌ನ ರಾಜ್ಯಪಾಲರು ನೇಮಿಸ್ತಾರಲ್ಲ, ಅದೇ ಲೆಕ್ಕ ಅಲ್ಲಿಗೂ ಹಾಕಿದಾರೆ ಅನ್ಸುತ್ತೆ, ಆದ್ರೆ ಕ್ಯಾಲಿಫೋರ್ನಿಯಾ ಸೇರಿ ಅಮೆರಿಕದ 43 ರಾಜ್ಯಗಳಲ್ಲಿ ಅಟಾರ್ನಿ ಜನರಲ್‌ನ, ಅಂದ್ರೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿನ, ಜನಾನೇ ಆರಿಸೋದು. ಎಲೆಕ್ಷನ್ ನಡೆದ 2010ರ ನವೆಂಬರ್ 2ರ ರಾತ್ರಿ ಕಮಲಾ ಎದುರಾಳಿ ಸ್ಟೀವ್ ಕೂಲಿ ಗೆದ್ದೆ ಅಂತ ಹೇಳೇಬಿಟ್ಟಿದ್ರು ಪಾಪ, ಆಮೇಲೆ ಉಳಿದ ಓಟು ಎಣಿಸ್ತಾ ಎಣಿಸ್ತಾ ಲೀಡ್ ಕರಗಿಹೋಗಿ 24ನೇ ತಾರೀಕು ಸೋಲು ಒಪ್ಕೊಂಡ್ರು, ಅಂತರ ಶೇ. 1ಕ್ಕಿಂತ ಕಮ್ಮಿ. 2014ರಲ್ಲಿ ಕಮಲಾ ಆರಾಮಾಗಿ ಗೆದ್ರು. ಗವರ್ನರ್ ನೇಮಿಸಿದ್ದು 2017ರಲ್ಲಿ ಬಂದ ಹಾವಿಯೆರ್ ಬೆಸೆರಾನ, ಅದೂ ಕಮಲಾ ಸೆನೆಟ್‌ಗೆ ಹೋಗಿ ಜಾಗ ಖಾಲಿಯಾಗಿದ್ದಕ್ಕೆ. 2018ರಲ್ಲಿ ಅವರೂ ಎಲೆಕ್ಷನ್‌ಗೆ ನಿಂತೇ ಗೆದ್ದಿದ್ದು.