ಒಂದು ಕಿವಿಯ ರೇಸು

2011ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ಮೊದಲ ಸಲ ಫಾರ್ಮುಲಾ ಒನ್ ಕಾರ್ ರೇಸು ನಡೆಯುತ್ತದೆ ಅಂದಾಗ ನನ್ನ ಭಾಮೈದನಿಗೆ ನಿದ್ದೆ ಹಾರಿಹೋಯಿತು. “ಭಾವ, ಟೀವಿಯಲ್ಲಿ ನೋಡೋದು ಅಂದ್ರೆ ಕ್ಯಾಲೆಂಡರ್‌ನಲ್ಲಿ ತಿಮ್ಮಪ್ಪನ್ನ ನೋಡಿದ ಹಾಗೆ. ಒಂದ್ಸಲನಾದ್ರೂ ಗುಡಿಗೆ ಹೋಗಿ ಬರಬೇಕು” ಅಂದ. ಗುಡಿ ಇದ್ದದ್ದು ಡೆಲ್ಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ. ನಾವಿರುವುದು ಬೆಂಗಳೂರಿನ ಗಿರಿನಗರದಲ್ಲಿ. ಟಿಕೆಟ್ ದುಡ್ಡು ಯಾರದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಆಫೀಸಿನಲ್ಲಿ ಪಕ್ಕದ ಸೀಟಿನವನು ಕೇಳಿದ. “ಅದೇ ಭಾನುವಾರ ಅರಮನೆ ಮೈದಾನದಲ್ಲಿ ಮೆಟಾಲಿಕಾ ರಾಕ್ ಬ್ಯಾಂಡಿನ ಶೋ ಇದೆಯಲ್ಲೋ, ಬರಲ್ವಾ?” ನಾನು ದೊಡ್ಡ ಮನುಷ್ಯನ ಹಾಗೆ, “ಬರೀ ಗಲಾಟೆ ಕೇಳೋಕೆ ಯಾರಾದ್ರೂ ದುಡ್ಡು ಕೊಡ್ತಾರಾ?” ಅಂದುಬಿಟ್ಟೆ.

ಹೊರಡುವಾಗ ಅಮ್ಮ ಒಂದು ಡಬ್ಬಿ ಕೋಡುಬಳೆ ಕೊಟ್ಟಳು. ಜೊತೆಗೆ ದೀಪದ ಬತ್ತಿ ಹೊಸೆಯುವ ಹತ್ತಿ ಒಂದು ಹಿಡಿ. “ಡೆಲ್ಲಿ ಚಳಿ. ಕಿವಿಗೆ ಇಟ್ಕೋ.” ಹೋಗಿ ನೋಡಿದರೆ ಅಲ್ಲಿ ಬೆವರು ಸುರಿಯುವ ಬಿಸಿಲು.

ನಾವು ತಲುಪಿದ್ದು ಶನಿವಾರ. ಶುಕ್ರವಾರದ ಪ್ರಾಕ್ಟೀಸಿನಲ್ಲಿ ಬೀದಿನಾಯಿಯೊಂದು ಟ್ರ್ಯಾಕಿಗೆ ನುಗ್ಗಿ, ಕೆಂಪು ಬಾವುಟ ತೋರಿಸಿ ಎಲ್ಲ ಕಾರುಗಳನ್ನೂ ನಿಲ್ಲಿಸಿದ್ದರು. ಅದನ್ನು ನೋಡಲು ಆಗಲಿಲ್ಲವಲ್ಲ ಅಂತ ಭಾಮೈದ ಒದ್ದಾಡಿದ. ಬೀದಿನಾಯಿ ನೋಡೋಕೆ ನೋಯ್ಡಾವರೆಗೆ ಬರಬೇಕಾ, ನಮ್ಮ ಕ್ರಾಸಿನಲ್ಲೇ ಹನ್ನೊಂದಿವೆ ಅಂತ ಸಮಾಧಾನ ಮಾಡಿದೆ.

ಭಾನುವಾರ ಗೇಟಿನಲ್ಲಿ ಕಾವಲಿನವನು ಕೋಡುಬಳೆ ಡಬ್ಬಿ ಎತ್ತಿ ಇದೇನು ಅಂತ ಕೇಳಿದ. ಭಾಮೈದನಿಗೆ ತನ್ನ ಹಿಂದಿಯ ಬಗ್ಗೆ ಅಪಾರ ನಂಬಿಕೆ. ಕೋಡು ಅಂದ್ರೆ ಸೀಂಗ್, ಬಳೆ ಅಂದ್ರೆ ಚೂಡಿ. “ಸೀಂಗ್ ಕಾ ಚೂಡಿ ಹೈ” ಅಂದ. ಕಾವಲಿನವನು ಇನ್ನೊಬ್ಬನನ್ನು ಕರೆದ. ಆ ಇನ್ನೊಬ್ಬ ಮತ್ತೊಬ್ಬನನ್ನು ಕರೆದ. ಕೊನೆಗೆ ನಾನೇ ಒಂದು ತೆಗೆದು ಅವರೆದುರು ಕಟುಕುಟು ಕಡಿದು ತೋರಿಸಿದೆ. ಮೂವರೂ ಒಂದೊಂದು ತಿಂದರು. ಎರಡನೇ ಸಲವೂ ತಿಂದರು. ಒಳಗೆ ಬಂದಾಗ ಡಬ್ಬಿಯಲ್ಲಿ ಉಳಿದದ್ದು ನಾಲ್ಕು, ಅದರಲ್ಲಿ ಎರಡು ಮುರಿದವು.

ನಮ್ಮ ಸೀಟು ಒಂದು ತಿರುವಿನ ಹತ್ತಿರ. ದೊಡ್ಡ ಪರದೆಯೊಂದು ಇತ್ತು, ಆದರೆ ಬಿಸಿಲು ನೇರ ಅದರ ಮೇಲೆಯೇ ಬಿದ್ದು ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

ಮೂರು ಗಂಟೆಗೆ ರೇಸು ಶುರು. ಮೊದಲು ಸದ್ದು ಬಂತು. ನಿಮಿಷಕ್ಕೆ 18,000 ಸುತ್ತು ತಿರುಗುವ ಇಂಜಿನ್, ಅಂಥವು 24. ಎದೆಯೊಳಗೆ ಯಾರೋ ಮಿಕ್ಸಿ ಹಾಕಿದ ಹಾಗಾಯಿತು. ಕಿವಿಗೆ ಹಾಕುವ ಬಿರಡೆ ಅಲ್ಲೇ ಮಾರುತ್ತಿದ್ದರು, ರೇಟು ಕೇಳಿ ನಾನು ಮುಂದೆ ಬಂದಿದ್ದೆ. ಈಗ ಅಮ್ಮನ ಹತ್ತಿಯನ್ನು ಎರಡೂ ಕಿವಿಗೆ ತುರುಕಿಕೊಂಡೆ. ಆಮೇಲೆ ಕಾರುಗಳು ಬಂದವು. ಬಂದವು ಅನ್ನುವುದೂ ತಪ್ಪೇ. ಎಡಗಡೆ ಕಂಡಿತು ಅಂತ ಕತ್ತು ತಿರುಗಿಸುವಷ್ಟರಲ್ಲಿ ಬಲಗಡೆ ಧೂಳು ಮಾತ್ರ ಇತ್ತು. ತಿರುಪತಿಯಲ್ಲಾದರೂ ‘ಜರಗಂಡಿ’ ಅಂತ ನಮ್ಮನ್ನು ತಳ್ಳುತ್ತಾರೆ. ಇಲ್ಲಿ ದೇವರೇ ಓಡಿಹೋಗುತ್ತಾನೆ. ಒಂದು ಕಾರು ಕಾಣುವುದು ಮೂರು ಸೆಕೆಂಡು, ಒಟ್ಟು 60 ಸುತ್ತು. ಮೂರೇ ನಿಮಿಷ! ಟಿಕೆಟ್ ದುಡ್ಡನ್ನು ಇದರಿಂದ ಭಾಗಿಸಬಾರದಿತ್ತು.

ಹತ್ತು ಸುತ್ತು ಕಳೆದರೂ ಯಾರು ಮುಂದೆ, ಯಾರು ಹಿಂದೆ ಒಂದೂ ತಿಳಿಯಲಿಲ್ಲ. ಆಗ ಹೆಂಡತಿ ಫೋನ್ ಮಾಡಿದಳು. ಅವಳಿಗೆ ರೇಸಿನ ಗಂಧಗಾಳಿ ಇಲ್ಲ. ಟೀವಿಯಲ್ಲಿ ನಾವು ಎಲ್ಲಾದರೂ ಕಾಣಿಸಬಹುದು ಅಂತ ಕೂತಿದ್ದಳು. ಬಲಗಿವಿಯ ಹತ್ತಿ ತೆಗೆದೆ.

“ರೀ, ವೆಟೆಲ್ಲೇ ಮುಂದೆ. ಶುರುವಿಂದಲೂ ಅವನೇ. ನಿಮಗೆ ಕಾಣಿಸ್ತಿಲ್ವಾ?”

ಆಮೇಲೆ ಫೋನು ಇಡಲೇ ಇಲ್ಲ. ಕಾರು ಹೋದ ಮೇಲೆ ಸ್ವಲ್ಪ ಬಿಡುವು, ಅಷ್ಟರಲ್ಲಿ ಸುದ್ದಿ. “ಹ್ಯಾಮಿಲ್ಟನ್ನೂ ಮಾಸಾನೂ ಗುದ್ದಿಕೊಂಡ್ರು.” ಗೊಂಯ್ಯ್. “ತಪ್ಪು ಮಾಸಾದೇ ಅಂತ ಶಿಕ್ಷೆ ಕೊಟ್ರು. ನಂಗೇನೋ ಇಬ್ಬರದ್ದೂ ತಪ್ಪು ಅನ್ಸುತ್ತೆ.” ಗೊಂಯ್ಯ್. “ಮಾಸಾ ಗಾಡಿ ಕೆಟ್ಟು ನಿಂತ್ಹೋಯ್ತು, ಪಾಪ.” ಭಾಮೈದ ಇದನ್ನು ಹಿಂದಿಗೆ ಇಳಿಸಿ ಅಕ್ಕಪಕ್ಕದವರಿಗೆ ಹೇಳತೊಡಗಿದ. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಸಾಲಿನವರೂ “ಭಾಭೀಜೀ ಕ್ಯಾ ಬೋಲ್ ರಹೀ ಹೈಂ?” ಅಂತ ನನ್ನ ಭುಜ ತಟ್ಟುತ್ತಿದ್ದರು. ಸೀಂಗ್ ಕಾ ಚೂಡಿ ಹಿಂದಿಯಲ್ಲಿ ಅವರಿಗೆ ಯಾವ ರೇಸು ತಲುಪಿತೋ ದೇವರೇ ಬಲ್ಲ.

ನಮ್ಮ ಕಡೆಯವರು ಅಂತ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ ಕಾರು ಬಂದಾಗಲೆಲ್ಲ ಇಬ್ಬರೂ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಮುಗಿಯುವ ಹೊತ್ತಿಗೆ ಹೆಂಡತಿ ಹೇಳಿದಳು, ಆ ಬಣ್ಣದ್ದು ಎರಡು ಕಾರಿವೆ, ಇನ್ನೊಂದರಲ್ಲಿ ರಿಕಿಯಾರ್ಡೊ ಅನ್ನುವ ಹುಡುಗ ಇದ್ದಾನೆ ಅಂತ. ಯಾರಿಗೆ ಎಷ್ಟು ಚಪ್ಪಾಳೆ ಹೋಯಿತೋ!

“ರೀ, ಸಚಿನ್! ಸಚಿನ್ ಬಾವುಟ ಬೀಸ್ತಿದಾರೆ!” ನಾನು ಎದ್ದು ನಾಲ್ಕೂ ಕಡೆ ನೋಡಿದೆ. ಮುಂದಿನವರ ಬೆನ್ನು ಕಂಡಿತು. ವೆಟೆಲ್ ಗೆದ್ದ, ಬಟನ್ ಎರಡು, ಅಲಾನ್ಸೊ ಮೂರು. ಎಲ್ಲವೂ ಗಿರಿನಗರದ ಕೃಪೆ.

ಸೋಮವಾರ ಬೆಳಗಿನ ಫ್ಲೈಟಿನಲ್ಲಿ ಬಂದಿಳಿದು ನೇರ ಆಫೀಸಿಗೆ ಹೋದೆ. ಬಲಗಿವಿಯಲ್ಲಿ ಇನ್ನೂ ಗೊಂಯ್ ಅಂತಿತ್ತು. ಪಕ್ಕದ ಸೀಟಿನವನು ಅರಮನೆ ಮೈದಾನದಲ್ಲಿ ಸ್ಪೀಕರ್ ಪಕ್ಕದಲ್ಲೇ ನಿಂತಿದ್ದನಂತೆ. ಅದು ನನಗೆ ಗೊತ್ತಾಗಿದ್ದು ಆಮೇಲೆ.

“ಹೇಗಿತ್ತೋ?” ಅಂದೆ.

“ಇಲ್ಲ, ಇಡ್ಲಿ ತಿಂದೆ” ಅಂದ.

“ಡೆಲ್ಲಿನಾ? ಬಿಸಿಲು!”

“ಆಂ? ಯಾರು ಸೊಸೇನಾ?”

ಟೀ ಹುಡುಗ ಎಷ್ಟು ಹೊತ್ತಿಂದ ನಿಂತಿದ್ದನೋ. ಕೊನೆಗೆ ಖಾಲಿ ಲೋಟ ಎತ್ತಿ ತೋರಿಸಿ, ಎರಡು ಬೆರಳು ಎತ್ತಿದ. ಇಬ್ಬರೂ ತಲೆಯಾಡಿಸಿದೆವು.