ಸರ್ಕಾರ ಎಲ್ಲಿರಬೇಕು, ಎಲ್ಲಿ ಬೇಡ

ಎಲ್ಲವನ್ನೂ ಖಾಸಗಿಯವರಿಗೆ ಕೊಟ್ಟುಬಿಡಿ, ದೇಶ ಉದ್ಧಾರ ಆಗುತ್ತದೆ ಅನ್ನುವವರು ನಮ್ಮ ಶಿರಸಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ದುಡ್ಡಿನವರೆಲ್ಲ ಕಳ್ಳರು, ಎಲ್ಲ ಸರ್ಕಾರದ ಕೈಯಲ್ಲೇ ಇರಬೇಕು ಅನ್ನುವವರೂ ಇದ್ದಾರೆ. ಇಬ್ಬರೂ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ಸರಿಯಾಗಿ ನೋಡಿಲ್ಲ ಅಂತ ನನಗನಿಸುತ್ತದೆ.

ಜಮೀನಿನ ವಿಷಯವನ್ನೇ ತಗೊಳ್ಳಿ. ಬೇರೆಯವರ ಜಮೀನನ್ನು ಗೇಣಿಗೆ ಉಳುತ್ತಿದ್ದ ಕಾಲ ಹೇಗಿತ್ತು ಅಂತ ಅಂಕೋಲಾ ಕಡೆಯ ಹಳಬರನ್ನು ಕೇಳಿ. ಮೈಮುರಿದು ದುಡಿದವರ ಭತ್ತ ಒಡೆಯರ ಕಣಜ ಸೇರುತ್ತಿತ್ತು. ಗೇಣಿದಾರರನ್ನು ಸಂಘಟಿಸಿದರು ಅಂತ ದಿನಕರ ದೇಸಾಯಿಯವರನ್ನು 1940ರ ದಶಕದಲ್ಲಿ ಜಿಲ್ಲೆಯಿಂದಲೇ ಗಡೀಪಾರು ಮಾಡಿದ್ದರು. ಕೊನೆಗೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂತು, 1974ರ ಮಾರ್ಚ್ 1ರಿಂದ ಗೇಣಿ ರದ್ದಾಯಿತು. ಈ ಜಮೀನು ಉಳುವವರು ನಾವು ಅಂತ ಡಿಕ್ಲರೇಷನ್ ಕೊಟ್ಟವರ ಹೆಸರು ಪಹಣಿಗೆ ಏರಿತು. ಇದನ್ನು ಸಮಾಜವಾದಿ ಕಾನೂನು ಅಂತಾರೆ, ಸರಿ. ಆದರೆ ಅದು ಮಾಡಿದ್ದೇನು? ಮೊನ್ನೆಯವರೆಗೆ ಕೈಕಟ್ಟಿ ನಿಂತವರನ್ನು ಸ್ವಂತ ಆಸ್ತಿಯ ಮಾಲೀಕರನ್ನಾಗಿ ಮಾಡಿತು. ಅವರ ಮಕ್ಕಳೇ ಇವತ್ತು ಅಂಗಡಿ ಇಟ್ಟಿದ್ದಾರೆ, ಲಾರಿ ಓಡಿಸುತ್ತಿದ್ದಾರೆ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಸರ್ಕಾರ ಅವತ್ತು ಕೈ ಹಾಕದೇ ಇದ್ದಿದ್ದರೆ ಇವರ್‍ಯಾರೂ ಮಾರುಕಟ್ಟೆಯ ಬಾಗಿಲಿಗೂ ಬರುತ್ತಿರಲಿಲ್ಲ.

ಅಡಿಕೆಯದ್ದೂ ಇದೇ ಕಥೆ. ನಮ್ಮದು ತೋಟದ ಮನೆ, ಹಾಗಾಗಿ ಇದನ್ನು ಸ್ವಲ್ಪ ಹತ್ತಿರದಿಂದ ನೋಡಿದ್ದೇನೆ. ಟೆಂಡರ್ ದಿನ ಒಮ್ಮೆ ಸಹಕಾರಿ ಸಂಘದ ವಖಾರಿಗೆ, ಅಂದರೆ ಗೋದಾಮಿಗೆ, ಹೋಗಿ ನೋಡಿ. ಒಬ್ಬೊಬ್ಬರ ಅಡಿಕೆ ಬೇರೆ ಬೇರೆಯಾಗಿ ಇರುತ್ತದೆ, ಚಾಲಿ ಒಂದು ಕಡೆ, ಕೆಂಪುಗೋಟು ಇನ್ನೊಂದು ಕಡೆ, ಒಂದೊಂದಕ್ಕೂ ಒಂದೊಂದು ನಂಬರು. ವ್ಯಾಪಾರಿಗಳು ಬಂದು ಒಂದು ಹಿಡಿ ಎತ್ತಿ ನೋಡುತ್ತಾರೆ, ಒಂದೆರಡು ಒಡೆದು ಒಳಗೆ ಹೇಗಿದೆ ಅಂತ ನೋಡುತ್ತಾರೆ, ದರ ಬರೆದು ಹಾಕುತ್ತಾರೆ. ಜಾಸ್ತಿ ಬರೆದವರಿಗೆ ಮಾಲು. ಪಕ್ಕಾ ಮಾರುಕಟ್ಟೆ, ಅಲ್ವಾ? ಆದರೆ ದರ ಸರಿ ಬರದಿದ್ದರೆ ರೈತ ಕೊಡುವುದಿಲ್ಲ. ಅಲ್ಲೇ ಇಟ್ಟು, ಅದರ ಮೇಲೆ ಸ್ವಲ್ಪ ಸಾಲ ತಗೊಂಡು ಮನೆ ಖರ್ಚು ನೋಡಿಕೊಂಡು, ದರ ಏರಲಿ ಅಂತ ಕಾಯುತ್ತಾನೆ. ಆ ಧೈರ್ಯ ಬಂದಿದ್ದು ಸಹಕಾರಿ ಸಂಘದಿಂದ. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ, ಅಂದರೆ ಟಿಎಸ್‌ಎಸ್, ಶುರುವಾಗಿದ್ದು 1923ರಲ್ಲಿ, ಅದು ಸರ್ಕಾರದ್ದೂ ಅಲ್ಲ, ಸಾಹುಕಾರರದ್ದೂ ಅಲ್ಲ, ತೋಟಗಾರರೇ ಸೇರಿ ಕಟ್ಟಿದ್ದು. ಖಾಸಗಿ ವ್ಯಾಪಾರಿ ಇರಬೇಕು, ಖಂಡಿತ ಇರಬೇಕು. ಆದರೆ ಅವನ ಎದುರು ನಿಂತು ಈ ದರಕ್ಕೆ ಕೊಡುವುದಿಲ್ಲ ಅನ್ನುವ ಶಕ್ತಿ ಮಾರುವವನಿಗೂ ಇರಬೇಕು. ಅದಿಲ್ಲದ ಕಡೆ ಸುಲಿಗೆ ಬಿಟ್ಟರೆ ಬೇರೇನೂ ನಡೆಯುವುದಿಲ್ಲ.

ಇನ್ನೊಂದು ಮಾತು, ನಮ್ಮವರಿಗೆ ಬೇಜಾರಾದರೂ ಹೇಳುತ್ತೇನೆ. ಹೊರದೇಶದ ಅಡಿಕೆ ಕೆಜಿಗೆ 351 ರೂಪಾಯಿಗಿಂತ ಕಡಿಮೆಗೆ ಒಳಗೆ ಬರಬಾರದು ಅಂತ ಕೇಂದ್ರ ಸರ್ಕಾರ 2023ರಲ್ಲಿ ಆದೇಶ ಮಾಡಿತು, ಮೊದಲು ಅದು 251 ಇತ್ತು. ಬಹಳ ಒಳ್ಳೆಯ ಕೆಲಸ, ಬೇಕೇ ಬೇಕಿತ್ತು. ಆದರೆ ಇದೂ ಸರ್ಕಾರದ ಆಸರೆಯೇ. ಹಾಗಿರುವಾಗ ನಮ್ಮ ತೋಟಕ್ಕೇ ಅಡಿಕೆ ಕೊನೆ ಕೊಯ್ಯಲು ಬರುವವರು ರೇಷನ್ ಅಕ್ಕಿ ತಗೊಂಡರೆ ಬಿಟ್ಟಿ ಭಾಗ್ಯ ಅಂತ ಬೈಯುವುದು ನ್ಯಾಯ ಅಲ್ಲ.

1991ರಲ್ಲಿ ಲೈಸೆನ್ಸ್ ಕಾಟ ಕಮ್ಮಿ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಒಂದು ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಯಾರಿಗೂ ಬೇಡ. ಸ್ಕೂಟರು, ಸಾಬೂನು, ಮೊಬೈಲು ಇದೆಲ್ಲ ಸರ್ಕಾರ ಮಾಡಬೇಕಿಲ್ಲ. ಒಂದು ಕಂಪನಿಯದ್ದು ಸರಿ ಇಲ್ಲ ಅಂದರೆ ಇನ್ನೊಂದು ತಗೊಳ್ಳುತ್ತೇವೆ, ಅಷ್ಟೇ.

ಆದರೆ ಕುಮಟಾದಲ್ಲಿ ರಾತ್ರಿ ಎರಡು ಗಂಟೆಗೆ ಒಬ್ಬರಿಗೆ ಎದೆನೋವು ಬಂದರೆ? ಇಸಿಜಿ ಮಾಡಿ, ತಡ ಮಾಡಬೇಡಿ, ಮಣಿಪಾಲಕ್ಕೆ ಹೊರಡಿ ಅಂತಾರೆ. ಹೊನ್ನಾವರ ದಾಟಬೇಕು, ಭಟ್ಕಳ ದಾಟಬೇಕು, ಬೈಂದೂರು, ಕುಂದಾಪುರ. ಆಂಬುಲೆನ್ಸಿನಲ್ಲಿ ಹೆಂಡತಿ ಒಂದು ಕೈಯಲ್ಲಿ ಗಂಡನ ಕೈ ಹಿಡಿದುಕೊಂಡು ಆಕ್ಸಿಜನ್ ಸಿಲಿಂಡರಿನ ಮುಳ್ಳನ್ನೇ ನೋಡುತ್ತಿರುತ್ತಾಳೆ. ಶಿರಸಿಯವರಾದರೆ ನೂರು ಕಿಲೋಮೀಟರ್ ಆಚೆಯ ಹುಬ್ಬಳ್ಳಿ. ಕಾರವಾರದವರಾದರೆ ಗೋವಾ. ಈ ಹೊತ್ತಿನಲ್ಲಿ ಯಾವ ಗಿರಾಕಿ, ಯಾವ ಆಯ್ಕೆ? ಖಾಸಗಿ ಆಸ್ಪತ್ರೆಯವರು ಇಲ್ಲಿಗೆ ಬರುವುದಿಲ್ಲ ಅಂತ ಅವರನ್ನು ಬೈದು ಉಪಯೋಗ ಇಲ್ಲ. ಕಾಡಿನ ನಡುವೆ ಚದುರಿದ ಜನ ನಾವು, ಕೋಟಿಗಟ್ಟಲೆ ಹಾಕಿ ಹೃದಯದ ರಕ್ತನಾಳ ಪರೀಕ್ಷಿಸಿ ಚಿಕಿತ್ಸೆ ಕೊಡುವ ಕ್ಯಾಥ್ ಲ್ಯಾಬ್ ಮಾಡಿದರೆ ಅವರಿಗೆ ಗಿಟ್ಟುವುದಿಲ್ಲ. ಗಿಟ್ಟದ ಕಡೆ ಹೋಗಬೇಕು ಅಂತಲೇ ತಾನೇ ಸರ್ಕಾರ ಇರುವುದು?

ಅದೇ ಸರ್ಕಾರಕ್ಕೆ ಬೇಕಾದಾಗ ಈ ಜಿಲ್ಲೆ ನೆನಪಾಗಿದೆ. ಕಾಳಿ ನದಿಗೆ ಅಣೆಕಟ್ಟುಗಳು ಬಂದವು. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣುವಿದ್ಯುತ್ ಘಟಕ ಬಂದವು. ಸೀಬರ್ಡ್ ನೌಕಾನೆಲೆ ಬಂತು, ಕಾರವಾರ, ಅಂಕೋಲಾ ಕಡೆಯ ಊರುಗಳು ಎದ್ದು ಹೋದವು. ದೇಶಕ್ಕೆ ಬೇಕು ಅಂದರು, ಜನ ಜಾಗ ಬಿಟ್ಟುಕೊಟ್ಟರು. ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಇಲ್ಲೇ ಫೇಸ್‌ಬುಕ್, ಟ್ವಿಟರ್ ತುಂಬ ಎಷ್ಟು ಕೂಗಿದೆವು, ಆಸ್ಪತ್ರೆ ಇಲ್ಲದಿದ್ದರೆ ಓಟಿಲ್ಲ ಅಂತಲೂ ಹೇಳಿದೆವು. ಇವತ್ತಿಗೂ ಗಂಭೀರ ಕೇಸು ಬಂದರೆ ಜಿಲ್ಲೆ ಬಿಟ್ಟು ಓಡುವುದು ತಪ್ಪಿಲ್ಲ.

ಸರ್ಕಾರ ಇದ್ದರೆ ಸಾಕು ಅಂತಲೂ ಅಲ್ಲ. ಅದು ಯಾರ ಪರ ನಿಲ್ಲುತ್ತದೆ ಅನ್ನುವುದನ್ನೂ ನೋಡಬೇಕು. ದಾಂಡೇಲಿಯ ಕಾಗದ ಕಾರ್ಖಾನೆಗೆ ನಮ್ಮ ಕಾಡಿನ ಬಿದಿರನ್ನು ಸರ್ಕಾರ ತೀರಾ ಅಗ್ಗದಲ್ಲಿ ಕೊಟ್ಟಿತು, ಬುಟ್ಟಿ ಹೆಣೆದು ಬದುಕುವ ಮೇದಾರರಿಗೆ ಆ ದರ ಸಿಗಲಿಲ್ಲ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಕಡಲಲ್ಲೂ ಹಾಗೇ. ಊರಿನವರೆಲ್ಲ ದಡದಲ್ಲಿ ನಿಂತು ರಂಪಣಿ ಅನ್ನುವ ದೊಡ್ಡ ಬಲೆ ಎಳೆದು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದಲ್ಲಿ ಸಾಲ, ಸಬ್ಸಿಡಿ ಬಲದಿಂದ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಇಳಿದ ಮೇಲೆ ರಂಪಣಿ ಮೂಲೆ ಸೇರಿತು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗಿಳಿಯಬಾರದು ಅನ್ನುವ ನಿಯಮ ಮಾಡಿದ್ದೂ ಸರ್ಕಾರವೇ, ಅದಿಲ್ಲದಿದ್ದರೆ ಮೊಟ್ಟೆ ಇಡುವ ಮೀನನ್ನೂ ಬಳಿದುಬಿಡುತ್ತಿದ್ದರು.

ಈಗ ಆಸ್ಪತ್ರೆಯನ್ನು ಖಾಸಗಿ ಸಹಭಾಗಿತ್ವದಲ್ಲಿ ಮಾಡೋಣ ಅನ್ನುವ ಮಾತು ಯಾರಾದರೂ ತಂದರೆ ನಾನು ಸುಮ್ನೆ ವಿರೋಧ ಮಾಡುವುದಿಲ್ಲ. ಆದರೆ ಕೇಳುತ್ತೇನೆ. ಸರ್ಕಾರದ ಜಾಗ ಕೊಟ್ಟರೆ ಬಡವರಿಗೆ ಎಷ್ಟು ಹಾಸಿಗೆ? ಆಂಜಿಯೋಪ್ಲಾಸ್ಟಿಗೆ ದರ ಎಷ್ಟು, ಅದನ್ನು ಗೋಡೆಯ ಮೇಲೆ ಬರೆದು ಹಾಕುತ್ತೀರಾ? ರಾತ್ರಿ ಹೃದಯದ ಡಾಕ್ಟರು ಆಸ್ಪತ್ರೆಯಲ್ಲೇ ಇರುತ್ತಾರಾ? ಮಾತಿಗೆ ತಪ್ಪಿದರೆ ದಂಡ ಎಷ್ಟು, ವಸೂಲಿ ಮಾಡುವವರು ಯಾರು? ಇಷ್ಟು ಒಪ್ಪಂದದ ಕಾಗದದಲ್ಲೇ ಇರಲಿ, ಮತ್ತು ಆ ಕಾಗದ ಸಹಿಗೆ ಮೊದಲೇ ನಮ್ಮೆಲ್ಲರಿಗೂ ಓದಲು ಸಿಗಲಿ.