ಹಳಿಗೆ ಹಣ ಕೊಡುವ ಸರ್ಕಾರ ವೇಳಾಪಟ್ಟಿಯನ್ನೂ ಕೇಳಬೇಕು

ತುಮಕೂರಿನಿಂದ ಬೆಂಗಳೂರಿಗೆ ಹನ್ನೊಂದು ವರ್ಷಗಳಿಂದ ಪಾಸಿನ ಮೇಲೆ ಓಡಾಡುತ್ತಿದ್ದೇನೆ. ಬೆಳಗಿನ ಗಾಡಿ ಕ್ಯಾತ್ಸಂದ್ರ, ಹಿರೇಹಳ್ಳಿ ದಾಟುವಷ್ಟರಲ್ಲಿ ಮೂವರ ಸೀಟಿನಲ್ಲಿ ಐವರು ಕುಳಿತಿರುತ್ತಾರೆ. ಬಾಗಿಲ ಬಳಿ ಕಾಲೂರಲು ಜಾಗವಿರುವುದಿಲ್ಲ. ಬೆಂಗಳೂರು ಹತ್ತಿರವಾಗಿ ಗಾಡಿ ಔಟರ್‌ನಲ್ಲಿ, ಅಂದರೆ ಸ್ಟೇಷನ್ನಿನ ಹೊರಗಿನ ಸಿಗ್ನಲ್‌ನಲ್ಲಿ, ನಿಂತರೆ, ಮಾತು ಒಮ್ಮೆಲೇ ನಿಂತು ಎಲ್ಲರ ಕಣ್ಣೂ ಗಡಿಯಾರದ ಮೇಲೆ ಹೋಗುತ್ತದೆ. ಈ ಜನರ ಪರವಾಗಿ ರಾಜ್ಯ ಸರ್ಕಾರಕ್ಕೆ ಒಂದು ಮಾತು ಹೇಳಬೇಕಿದೆ.

ರೈಲ್ವೆ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ, ಅಂದರೆ ಅದರ ಅಧಿಕಾರ ಕೇಂದ್ರದ್ದು ಎಂಬುದು ನಿಜ. ಆದರೆ ಅದನ್ನೇ ಮುಂದಿಟ್ಟು ನಮ್ಮ ಕೈಯಲ್ಲೇನೂ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ, ಗದಗ–ವಾಡಿಯಂತಹ ಹೊಸ ಮಾರ್ಗಗಳಿಗೆ ಕರ್ನಾಟಕ ಅರ್ಧ ವೆಚ್ಚವನ್ನು ಭರಿಸುವುದಲ್ಲದೆ ಭೂಮಿಯನ್ನೂ ಉಚಿತವಾಗಿ ಕೊಡುತ್ತಿದೆ. ಬೆಂಗಳೂರು ಉಪನಗರ ರೈಲು ಯೋಜನೆಯನ್ನು ನಡೆಸುತ್ತಿರುವ ಕೆ-ರೈಡ್ ಕಂಪನಿಯಲ್ಲಿ ರಾಜ್ಯದ ಪಾಲು ಶೇ. 51, ರೈಲ್ವೆ ಸಚಿವಾಲಯದ್ದು ಶೇ. 49. ಇಷ್ಟು ಹಣ, ಇಷ್ಟು ಭೂಮಿ, ಇಷ್ಟು ಪಾಲು ಇಟ್ಟವರಿಗೆ ಗಾಡಿ ಎಷ್ಟು ಹೊತ್ತಿಗೊಂದು ಓಡಬೇಕು ಎಂದು ಕೇಳುವ ಹಕ್ಕು ಇದ್ದೇ ಇದೆ.

ಉಪನಗರ ರೈಲಿನ ಮಾತು ಮೊದಲು ಕೇಳಿಬಂದದ್ದು 1983ರಲ್ಲಿ. ಕೇಂದ್ರ ಸಂಪುಟದ ಒಪ್ಪಿಗೆ ದೊರೆತದ್ದು 2020ರ ಅಕ್ಟೋಬರ್‌ನಲ್ಲಿ. 2022ರ ಜೂನ್ 20ರಂದು ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ 40 ತಿಂಗಳ ಗಡುವು ಹೇಳಿದರು. ಸುಮಾರು 148 ಕಿ.ಮೀ. ಉದ್ದ, 15,767 ಕೋಟಿ ರೂಪಾಯಿ ಅಂದಾಜು, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ನಾಲ್ಕು ಚೆಂದದ ಹೆಸರಿನ ಮಾರ್ಗಗಳು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದರೂ ಒಂದೇ ಒಂದು ಗಾಡಿ ಓಡಲಿಲ್ಲ. ಮನೆಯಿಂದ ಹೊರಟು ಕೆಲಸಕ್ಕೆ ತಲುಪಲು ದಿನಕ್ಕೆ ಐದು ಗಂಟೆ ಕಳೆಯುವವರಿಗೆ ಈ ವಿಳಂಬ ಎಷ್ಟು ನೋವು ಕೊಡುತ್ತದೆ ಎಂಬುದನ್ನು ನಾನು ದಿನವೂ ಕಾಣುತ್ತೇನೆ.

ವಿಳಂಬಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಯೋಜನೆ ರೂಪಿಸುವ ಕ್ರಮ. ಮೊದಲು ಮಾರ್ಗ, ನಂತರ ಭೂಸ್ವಾಧೀನ, ನಂತರ ಟೆಂಡರ್, ಕಟ್ಟಡ. ಜನ ಯಾವ ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಸರದಿ ಬರುವುದು ಕೊನೆಯಲ್ಲಿ. ಇದು ತಿರುಗುಮುರುಗಾಗಬೇಕು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಹದಿನೈದು ನಿಮಿಷಕ್ಕೊಂದು ಗಾಡಿ ಬೇಕೆಂದು ಮೊದಲೇ ತೀರ್ಮಾನಿಸಿದರೆ, ಅದಕ್ಕೆ ಎಷ್ಟು ಬೋಗಿ, ಎಷ್ಟು ಪ್ಲಾಟ್‌ಫಾರಂ, ಎಲ್ಲಿ ಹೆಚ್ಚುವರಿ ಹಳಿ, ಎಂಥ ಸಿಗ್ನಲ್ ಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ. ಹಳಿ ಹಾಕಿದ ಮೇಲೆ ವೇಳಾಪಟ್ಟಿ ಮಾಡಲು ಕುಳಿತರೆ, ದೂರದ ಎಕ್ಸ್‌ಪ್ರೆಸ್ ಗಾಡಿಗಳ ನಡುವೆ ಉಳಿದ ಸಂದಿಯಲ್ಲಿ ದಿನಗೂಲಿಯವರ, ಗಾರ್ಮೆಂಟ್ಸ್ ಹೆಣ್ಣುಮಕ್ಕಳ, ವಿದ್ಯಾರ್ಥಿಗಳ ಗಾಡಿಯನ್ನು ತುರುಕಬೇಕಾಗುತ್ತದೆ.

ಕೇಂದ್ರವನ್ನು ಕೇಳದೆಯೇ ಮಾಡಬಹುದಾದ ಕೆಲಸವೂ ಬೇಕಾದಷ್ಟಿದೆ. ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಎರಡೂ ರಾಜ್ಯದವು. ಸ್ಟೇಷನ್ನಿಗೆ ಹೋಗುವ ರಸ್ತೆ, ಪಾದಚಾರಿ ಮಾರ್ಗ, ಬೀದಿದೀಪಗಳೂ ಕೇಂದ್ರದ ಹೊಣೆಯಲ್ಲ. ಕಳೆದ ಮಳೆಗಾಲದ ಒಂದು ರಾತ್ರಿ ಸಣ್ಣ ಸ್ಟೇಷನ್ ಒಂದರಲ್ಲಿ ನನ್ನೊಂದಿಗೆ ಇಳಿದ ನರ್ಸ್ ಒಬ್ಬರು ಮೊಬೈಲ್ ಬೆಳಕಿನಲ್ಲಿ ಕೆಸರು ದಾಟಿ ಮುಖ್ಯರಸ್ತೆ ಸೇರಿದರು. ಅಲ್ಲಿ ಬಸ್ಸು ಆಗಷ್ಟೇ ಹೊರಟುಹೋಗಿತ್ತು. ಗಾಡಿ ಬರುವ ಹೊತ್ತಿಗೆ ಬಸ್ಸು ಕಾಯುವಂತೆ ಮಾಡಲು ಯಾವ ಸಂಪುಟದ ಒಪ್ಪಿಗೆಯೂ ಬೇಕಿಲ್ಲ. ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು 2022ರಲ್ಲಿ ವಿಧಾನಮಂಡಲ ಅಂಗೀಕರಿಸಿದ್ದು ಇಂಥ ಹೊಂದಾಣಿಕೆಗಾಗಿಯೇ. ಅದು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ.

ಮಲ್ಲಿಗೆ ಮಾರ್ಗ ಚಿಕ್ಕಬಾಣಾವರದಲ್ಲಿ ಮುಗಿಯುತ್ತದೆ. ತುಮಕೂರಿನವರು ಅಲ್ಲಿ ಇಳಿದು ಗಾಡಿ ಬದಲಿಸಬೇಕು. ನಮ್ಮ ಗಾಡಿಯ ಪ್ಲಾಟ್‌ಫಾರಂನಿಂದ ಮಲ್ಲಿಗೆಯ ಪ್ಲಾಟ್‌ಫಾರಂಗೆ ಎಷ್ಟು ಮೆಟ್ಟಿಲು, ಎಷ್ಟು ನಿಮಿಷ, ಒಂದೇ ಟಿಕೆಟ್ ನಡೆಯುತ್ತದೆಯೇ ಎಂಬುದನ್ನು ಕಾಂಕ್ರೀಟ್ ಬೀಳುವ ಮೊದಲೇ ಪ್ರಯಾಣಿಕರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು. ಕರೆದರೆ ರಜೆ ಹಾಕಿ ಬರಲು ನಮ್ಮ ಬೋಗಿಯವರೆಲ್ಲ ಸಿದ್ಧರಿದ್ದೇವೆ.